ಉಸುಕು ಮೆತ್ತಿದ ಚಿತ್ರ

ಬೈಲಹೊಂಗಲದ ನಮ್ಮ ಓಣಿಯಲ್ಲಿದ್ದ ಡ್ರಾಯಿಂಗ್ ಅಕ್ಕೋರು ಕುಂಚವನ್ನು ತುರುಬಿಗೆ ಸಿಕ್ಕಿಸಿಕೊಂಡೇ ಕಾಯಿಪಲ್ಲೆ ತರಲು ಹೋಗುತ್ತಿದ್ದರು. ಬದನೆಕಾಯಿಯನ್ನೂ ಒಂದು ಕಣ್ಣು ಮುಚ್ಚಿ ನೋಡಿಯೇ ಆರಿಸುವರು. ಎದುರಿಗೆ ಯಾರೇ ನಿಲ್ಲಲಿ, "ಸ್ವಲ್ಪ ಸರೀರಿ, ಬೆಳಕ ಬರ್ಲಿ" ಎನ್ನುವರು.

ಒಮ್ಮೆ ಓಣಿಯ ಹೆಂಗಸರೆಲ್ಲ ಟೆಂಪೊ ಮಾಡಿಕೊಂಡು ಗೋಕರ್ಣಕ್ಕೆ ಹೊರಟೆವು. ಸಮುದ್ರವನ್ನೇ ಕಾಣದ ಅಕ್ಕೋರ ಅತ್ತೆಗೂ ಬರುವ ಆಸೆಯಿತ್ತು. ಆದರೆ ಹೊರಡುವ ಮುನ್ನ ಅವರು ಬಚ್ಚಲಲ್ಲಿ ಜಾರಿ, ಸೊಂಟ ಉಳುಕಿ ಹಾಸಿಗೆ ಹಿಡಿದರು. "ನೀ ಹೋಗಿ ನೋಡ್ಕೊಂಡ್ ಬಾ. ಬಂದು ನನಗ ತೋರಸು" ಎಂದರಂತೆ.

ನಾವೆಲ್ಲ ನೀರಿಗಿಳಿದರೆ ಅಕ್ಕೋರು ಉರಿಬಿಸಿಲಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಣ್ಣು ಹಾಯುವಷ್ಟೂ ಉಸುಕು, ಅದರಾಚೆ ತೆಳ್ಳಗೆ ಸಮುದ್ರ. ಅಡ್ಡ ಬಂದ ಆಕಳಿಗೂ "ಸ್ವಲ್ಪ ಸರಿಯವ್ವಾ" ಎಂದರು. ಚಿತ್ರ ಇನ್ನೇನು ಮುಗಿಯಿತು ಎನ್ನುವಾಗ ಗಾಳಿ ಎದ್ದು, ಹಸಿ ಬಣ್ಣಕ್ಕೆಲ್ಲ ಉಸುಕು ಮೆತ್ತಿಕೊಂಡಿತು. ಒರೆಸಲೆಂದು ನಾನು ಸೆರಗು ಹಿಡಿದು ಓಡಿದೆ. ಅಕ್ಕೋರು ನನ್ನ ಕೈ ತಡೆದರು. ಚಿತ್ರವನ್ನೊಮ್ಮೆ ನೋಡಿ ನಕ್ಕು, ಒಂದು ಹಿಡಿ ಉಸುಕೆತ್ತಿ ತಾವೇ ಇನ್ನಷ್ಟು ಉದುರಿಸಿದರು.

ಊರಿಗೆ ಮರಳಿ ಅಕ್ಕೋರು ಆ ಚಿತ್ರವನ್ನು ಅತ್ತೆಯ ಮಡಿಲಲ್ಲಿಟ್ಟಾಗ ನಾನೂ ಅಲ್ಲೇ ಇದ್ದೆ. ಅತ್ತೆ ಬಹಳ ಹೊತ್ತು ಚಿತ್ರದೊಳಗಿನ ನೀರನ್ನೇ ನೋಡಿದರು. ಆಮೇಲೆ ಉಸುಕನ್ನು ಬೆರಳಿಂದ ಮೆಲ್ಲಗೆ ಸವರಿ ಕೇಳಿದರು:

"ಬಿಸಿ ಇತ್ತೇನ?"

"ಭಾಳ ಬಿಸಿ ಇತ್ರಿ, ಅತ್ತ್ಯಾರ. ಕಾಲ ಸುಟ್ಟು ಹ್ವಾದವು."

ಅತ್ತೆ ಚಾದರದೊಳಗಿನ ತಮ್ಮ ಪಾದಗಳನ್ನು ಚಕ್ಕನೆ ಹಿಂದಕ್ಕೆಳೆದುಕೊಂಡರು.