ಬರಿಗಾಲಿನ ಮೇಷ್ಟ್ರು

ಚಿತ್ರದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಕೋಟೆಯ ಬಂಡೆ ಹತ್ತುವ ಮುನ್ನ ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಕಲ್ಲನ್ನು ಒಮ್ಮೆ ಒತ್ತಿ ನೋಡುತ್ತಿದ್ದರು. “ಬರಿಗಾಲು ಜಾರಲ್ಲ ಕಣಮ್ಮ” ಎನ್ನುವುದು ಅವರ ಮಾತು.

ಹೋದ ಚಳಿಗಾಲ ನಮ್ಮ ಬೀದಿಯವರೆಲ್ಲ ಹಿಮಾಲಯಕ್ಕೆ ಚಾರಣ ಹೋದೆವು. ಹಿಮಗಟ್ಟಿದ ಏರುದಾರಿಯಲ್ಲಿ ಕಾಲು ಜಾರಿದ್ದೇ ತಡ, ಮೇಷ್ಟ್ರು ಬೂಟು, ಕಾಲುಚೀಲ ಕಳಚಿ ಹೆಗಲಿಗೆ ಹಾಕಿಕೊಂಡರು.

“ಹಾಕ್ಕಳ್ರಿ ಮೇಷ್ಟ್ರೇ, ಇದು ದುರ್ಗ ಅಲ್ಲ!” ಎಂದೆ.

“ಬಂಡೆ ಯಾವೂರುದಾದ್ರೇನಮ್ಮ? ನಿಮ್ಮಂಥ ಕಾನ್ವೆಂಟ್‌ನಲ್ಲಿ ಓದಿದೋರಿಗೆ ಇದೆಲ್ಲ ಗೊತ್ತಾಗಲ್ಲ ಬಿಡ್ರಿ,” ಎಂದು ನಕ್ಕರು.

ತುದಿ ಮುಟ್ಟುವಷ್ಟರಲ್ಲಿ ಅವರ ಕಾಲ್ಬೆರಳುಗಳು ಬಿಳಿಚಿ ಮರಗಟ್ಟಿದ್ದವು. ಆಸ್ಪತ್ರೆಯಲ್ಲಿ ಅಷ್ಟನ್ನೂ ತೆಗೆಯಬೇಕಾಯಿತು.

ಈಗ ಅವರು ಮಂಚ ಬಿಟ್ಟು ಏಳುವುದಿಲ್ಲ. “ಇಲ್ಲದ ಬೆರಳಿಗೆ ಚಳಿ ಆಗ್ತೈತಮ್ಮ,” ಎನ್ನುತ್ತಾರೆ. ಅವರ ಹೆಂಡತಿ ಕಾಲಿಗೆ ಶಾಲು ಹೊದಿಸುತ್ತಾರೆ. ಬೆರಳಿರಬೇಕಾದಲ್ಲಿ ಅದು ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಳ್ಳುತ್ತದೆ.