ಗೇಜು ಹೇಳುತ್ತಿದ್ದ ಸುಳ್ಳು

ಚಾಮರಾಜಪೇಟೆಯ ನಮ್ಮ ಮನೆಗೆ ಪಿಯಾನೋ ರಿಪೇರಿಗೆ ಬರುತ್ತಿದ್ದವರ ಬಳಿ ಅಗ್ಗದ ಗೇಜೊಂದಿತ್ತು. ಒತ್ತಿದ ಕೀ ಎಷ್ಟು ಆಳಕ್ಕೆ ಇಳಿಯುತ್ತದೆಂದು ಅಳೆಯುವ ಅದು ಕೂದಲೆಳೆಯಷ್ಟು ಹೆಚ್ಚೇ ತೋರಿಸುತ್ತಿತ್ತು.

“ಸುಳ್ಳು ಹೇಳತ್ತೆ ಮೇಡಂ, ಆದ್ರೆ ಯಾವಾಗ್ಲೂ ಅದೇ ಸುಳ್ಳು,” ಎಂದು ಅಮ್ಮನಿಗೆ ಹೇಳುತ್ತಾ, ಮನಸ್ಸಿನಲ್ಲೇ ಅಷ್ಟನ್ನು ಕಳೆದು, ಕಣ್ಣು ಅರೆಮುಚ್ಚಿ ಕೀ ಒತ್ತುತ್ತಿದ್ದರು. ಕಿಟಕಿಯ ಬಿಸಿಲಲ್ಲಿ ಪಿಯಾನೋದೊಳಗಿನ ಪುಟ್ಟ ಸುತ್ತಿಗೆಗಳಿಗೆ ಹೊದಿಸಿದ ಉಣ್ಣೆಯ ಎಳೆಗಳು ತೇಲುತ್ತಿದ್ದವು. ಮಧ್ಯಾಹ್ನ ಮುಗಿಯುವುದನ್ನೇ ಮರೆತಂತಿರುತ್ತಿತ್ತು.

ಒಮ್ಮೆ ಗೇಜು ಕೈಜಾರಿ ಬಿತ್ತು. ಅವರು ಗಾಬರಿಯಿಂದ ಎತ್ತಿ, ಅಳತೆ ಗೊತ್ತಿದ್ದ ಉಕ್ಕಿನ ತುಂಡಿನ ಮೇಲಿಟ್ಟು ನೋಡಿದರು. ಈಗ ಅದು ಸರಿಯಾಗಿ ತೋರಿಸುತ್ತಿತ್ತು.

“ಒಳ್ಳೇದೇ ಆಯ್ತಲ್ಲ!” ಎಂದರು ಅಮ್ಮ.

ರಿಪೇರಿಯವರು ಗೇಜನ್ನು ಮತ್ತೊಮ್ಮೆ ಉಕ್ಕಿನ ತುಂಡಿನ ಮೇಲಿಟ್ಟು ನೋಡಿದರು.

“ಆ ಸುಳ್ಳು ನಂಗೆ ಗೊತ್ತಿತ್ತು ಮೇಡಂ. ಈ ನಿಜ ಎಷ್ಟು ದಿನ ಇರತ್ತೋ, ಯಾರಿಗೆ ಗೊತ್ತು?”