ಒಂದೇ ಹೆಸರಿನ ಚಾಲಕ

ಅಮೆರಿಕದ ಫ್ರೀಮಾಂಟಿನ ಗೋದಾಮಿನ ಗೇಟಿಗೆ ಕೆನಡಾದ ಟ್ರಕ್ಕೊಂದು ಬಂದು ನಿಂತಿತು. ಗಡಿ ದಾಟಿ ಬರುವ ಚಾಲಕರು ಫೋನಿನಲ್ಲೇ ಗುರುತು ತೋರಿಸುವ ವ್ಯವಸ್ಥೆಯನ್ನು ಕಟ್ಟಿದವಳು ನನ್ನ ಅಕ್ಕನ ಮಗಳು ಕಾವ್ಯ; ಅದನ್ನು ತೋರಿಸಲೆಂದೇ ನನ್ನನ್ನು ಕರೆತಂದಿದ್ದಳು. ಟ್ರಕ್ಕಿನ ಅಫ್ಘಾನ್ ಚಾಲಕ ಗೇಟಿನ ಯಂತ್ರಕ್ಕೆ ಫೋನು ಹಿಡಿದ. ಯಂತ್ರದ ಪರದೆಯ ಮೇಲೆ ‘ಗುಲಾಬ್’ ಎಂದಷ್ಟೇ ಮೂಡಿ ಗೇಟು ತೆರೆಯಿತು.

“ಬರೀ ಒಂದೇ ಹೆಸರಾ?” ಎಂದೆ.

“ಅವರಿಗೆ ಸರ್‌ನೇಮು ಇಲ್ಲ ಮಾವ. ನನಗೂ ಇರ್ಲಿಲ್ವಲ್ಲ, ವೀಸಾದಲ್ಲಿ ಇದ್ದೊಂದು ಹೆಸರನ್ನ ಸರ್‌ನೇಮು ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಹೆಸರು ಗೊತ್ತಿಲ್ಲ’ ಅಂತ ಹಾಕಿದ್ರು. ಅದಕ್ಕೇ ಟೀಮಲ್ಲಿ ಜಗಳ ಆಡಿ ಇಲ್ಲಿ ಆ ಜಾಗ ಖಾಲಿ ಬಿಡೋ ಹಾಗೆ ಮಾಡಿಸ್ದೆ.”

ಗುಲಾಬ್ ಕೆಳಗಿಳಿದು ಪರದೆಯ ಫೋಟೊ ತೆಗೆದುಕೊಂಡ. “ಇಷ್ಟು ದಿನ ಎಲ್ಲ ಕಡೆ ‘ಗೊತ್ತಿಲ್ಲದ ಗುಲಾಬ್’ ಆಗಿದ್ದೆ” ಎಂದು ಹಿಂದಿಯಲ್ಲಿ ಹೇಳಿ ನಕ್ಕ.

ನಾವು ಹೊರಡುವಾಗ ಗೇಟಿನ ಕಾವಲುಗಾರ ಬರೆದುಕೊಳ್ಳಲು ನನ್ನ ಹೆಸರು ಕೇಳಿದ.

“ಕಾವ್ಯಳ ಸೋದರಮಾವ” ಎಂದೆ.